ಬೋರ್ ನೀರಿನಲ್ಲಿ ಮೀನಿನ ತೊಟ್ಟಿ: ಚಿತ್ರದುರ್ಗದ ಹಿತ್ತಿಲಲ್ಲಿ ಕಟ್ಟಿ, ನೀರು ಹದ ಮಾಡಿದ ಲೆಕ್ಕ

ಚಿತ್ರದುರ್ಗದ ಒಂದು ಮನೆಯ ಹಿತ್ತಿಲಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ ಸಿಮೆಂಟ್ ತೊಟ್ಟಿ ಕಟ್ಟಿ, ಅದರಲ್ಲಿ ಗಪ್ಪಿ ಮೀನು ಮತ್ತು ನೈದಿಲೆ ನೆಲೆ ನಿಲ್ಲುವಂತೆ ಮಾಡಿದ ಕೆಲಸದ ದಾಖಲೆ ಇದು. ಗಾರೆ ಕೆಲಸ ಬೇಗ ಮುಗಿಯುತ್ತದೆ. ಸಮಯ ಹಿಡಿಯುವುದು ನೀರು. ಹೆಚ್ಚಿನ ಕಡೆ ತೊಟ್ಟಿ ಕಟ್ಟಿ, ಬೋರ್ ನೀರು ತುಂಬಿಸಿ, ಅದೇ ಸಂಜೆ ಮೀನು ಬಿಡುತ್ತಾರೆ. ವಾರದೊಳಗೆ ಮೀನು ಸತ್ತರೆ “ನಮ್ಮ ಬೋರ್ ನೀರು ಮೀನಿಗೆ ಆಗಿಬರಲ್ಲ” ಎಂಬ ತೀರ್ಮಾನಕ್ಕೆ ಬರುತ್ತಾರೆ. ಬೋರ್ ನೀರು ಆಗಿಬರುತ್ತದೆ. ಅದು ಏನನ್ನು ಹೊತ್ತು ತಂದಿದೆ, ಅದರಲ್ಲಿ ಏನಿಲ್ಲ ಎಂದು ಮೊದಲು ಅಳೆಯಬೇಕು, ಅಷ್ಟೇ.

ಜಾಗ ಮತ್ತು ತಳ

ಒಳ ಅಳತೆ 6 × 4 ಅಡಿ, ನೀರು ನಿಲ್ಲುವ ಆಳ 2 ಅಡಿ. ಅಂದರೆ 48 ಘನ ಅಡಿ, ಸುಮಾರು 1,360 ಲೀಟರ್. ನೀರಿನ ತೂಕವೇ 1.36 ಟನ್, ಚದರ ಮೀಟರಿಗೆ 600 ಕೆ.ಜಿ.ಗೂ ಮೇಲೆ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆ.ಜಿ. ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದ್ದರಿಂದ ಈ ಅಳತೆಯ ತೊಟ್ಟಿ ನೆಲದ ಮೇಲೆ ಮಾತ್ರ. ಆಳವನ್ನು ಒಂದೂವರೆ ಅಡಿಗಿಂತ ಕಡಿಮೆ ಮಾಡಬೇಡಿ. ತೆಳ್ಳಗಿನ ನೀರು ಮಧ್ಯಾಹ್ನ ಕಾದು, ರಾತ್ರಿ ತಣಿದು, ಮೀನಿಗೆ ದಿನವೂ ಎರಡು ಹೊಡೆತ ಕೊಡುತ್ತದೆ.

ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ಎರಡರ ನಂತರ ಗೋಡೆಯ ನೆರಳು ಬರುವ ಜಾಗ ಒಳ್ಳೆಯದು. ಬೇವಿನ ಮರದ ಕೆಳಗೆ ಬೇಡ. ಉದುರಿದ ಎಲೆ ತಳದಲ್ಲಿ ಕೊಳೆಯುತ್ತಾ ಮೀನಿನ ಪಾಲಿನ ಆಮ್ಲಜನಕವನ್ನು ತಿನ್ನುತ್ತದೆ.

ತೊಟ್ಟಿಯ ಒಂದೂವರೆ ಅಡಿ ನೆಲದೊಳಗೆ ಇರಲಿ. ಮಣ್ಣು ಗೋಡೆಗೆ ಆಸರೆಯಾಗುತ್ತದೆ, ತಾಪವೂ ನಿಧಾನಕ್ಕೆ ಏರುತ್ತದೆ. 7½ × 5½ ಅಡಿಯ ಗುಂಡಿ ಎರಡಡಿ ಆಳಕ್ಕೆ ತೆಗೆದು, ಮೂರು ಇಂಚು ಗರಸು ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ಚಿತ್ರದುರ್ಗದ ಕೆಂಪು ಗರಸು ಮಣ್ಣಿನಲ್ಲಿ ಇಷ್ಟು ಸಾಕು. ದಾವಣಗೆರೆ ಕಡೆಯ ಎರೆ ಮಣ್ಣಾದರೆ ಇನ್ನೊಂದು ಅಡಿ ಅಗೆದು ಅಷ್ಟನ್ನೂ ಗರಸಿನಿಂದ ತುಂಬಿ. ಎರೆಯ ಜೇಡಿ ಪದರಗಳ ನಡುವೆ ನೀರು ಹೊಕ್ಕು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರ ಕೂತ ತಳ ಎರಡನೇ ವರ್ಷಕ್ಕೆ ಸೀಳುತ್ತದೆ.

ತಳಕ್ಕೆ 7 × 5 ಅಡಿ, ನಾಲ್ಕು ಇಂಚು ದಪ್ಪದ ಕಾಂಕ್ರೀಟ್. ಪ್ರಮಾಣ 1:1½:3. ಸಿಮೆಂಟ್ ಮೂರು ಮೂಟೆ, ಎಂ-ಸ್ಯಾಂಡ್ 5 ಘನ ಅಡಿ, 20 ಎಂ.ಎಂ. ಜಲ್ಲಿ 10 ಘನ ಅಡಿ. 8 ಎಂ.ಎಂ. ಕಬ್ಬಿಣವನ್ನು ಎರಡೂ ಕಡೆಗೆ ಆರಾರು ಇಂಚಿಗೆ ಕಟ್ಟಿದರೆ ಸುಮಾರು 19 ಕೆ.ಜಿ. ಆಗುತ್ತದೆ. ಜಾಲರಿಯ ಕೆಳಗೆ ಒಂದೊಂದು ಇಂಚಿನ ಕವರ್ ಬ್ಲಾಕ್ ಇಡದಿದ್ದರೆ ಕಬ್ಬಿಣ ನೆಲಕ್ಕೆ ಕೂತು ತುಕ್ಕು ಹಿಡಿಯುತ್ತದೆ. ಒಂದು ಮೂಲೆಗೆ ಒಂದು ಇಂಚಿನಷ್ಟು ವಾಟ ಕೊಟ್ಟು, ಅಲ್ಲಿ ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಕೂರಿಸಿ, ಹೊರಗೆ ಬಾಲ್ ವಾಲ್ವ್ ಹಾಕಬೇಕು. ತೊಟ್ಟಿ ನೆಲದೊಳಗೆ ಇರುವುದರಿಂದ ವಾಲ್ವಿಗೆ ಒಂದು ಸಣ್ಣ ಗುಂಡಿ ಮಾಡಿ, ನೀರು ಇಂಗುವಂತೆ ತಳದಲ್ಲಿ ಜಲ್ಲಿ ತುಂಬಬೇಕು.

ಈ ಪೈಪಿನ ವಿಚಾರದಲ್ಲಿ ನಿಧಾನಿಸಬೇಕು, ಏಕೆಂದರೆ ಇಂಥ ತೊಟ್ಟಿಗಳು ಸೋರುವುದು ಬಹುತೇಕ ಇಲ್ಲೇ. ನುಣುಪಾದ ಪಿವಿಸಿಗೂ ಸಿಮೆಂಟಿಗೂ ಹಿಡಿತವಿಲ್ಲ. ಮರಳು ಕಾಗದದಿಂದ ಪೈಪಿನ ಹೊರಮೈ ಉಜ್ಜಿ, ಪಿವಿಸಿ ಅಂಟು ಬಳಿದು, ಅದು ಹಸಿ ಇರುವಾಗಲೇ ಒಣ ಮರಳಿನ ಮೇಲೆ ಹೊರಳಿಸಿ. ಗಂಟೆ ಬಿಟ್ಟು ನೋಡಿದರೆ ಪೈಪಿನ ಮೇಲೆ ಮರಳಿನ ಒರಟು ಕವಚ ಕೂತಿರುತ್ತದೆ. ಕಾಂಕ್ರೀಟ್ ಹಿಡಿಯುವುದು ಅದನ್ನು.

ಗೋಡೆ, ಗಾರೆ

ಆರು ಇಂಚಿನ ಸಾಲಿಡ್ ಬ್ಲಾಕ್ ನಾಲ್ಕು ವರಸೆ. ಒಟ್ಟು 66 ಬೇಕು, ಒಡೆಯುವುದನ್ನು ಸೇರಿಸಿ 70 ತರಿಸಿ. ಒಳಗಿನ ಸಾರಣೆ 1:3, 15 ಎಂ.ಎಂ. ದಪ್ಪ, ಒಂದು ಮೂಟೆ ಸಿಮೆಂಟಿಗೆ ಸ್ವಲ್ಪ ಹೆಚ್ಚು. ವಾಟರ್‌ಪ್ರೂಫ್ ದ್ರಾವಣ ಡಬ್ಬದ ಮೇಲೆ ಬರೆದ ಅಳತೆಯಲ್ಲಿ, ಸಾಮಾನ್ಯವಾಗಿ ಮೂಟೆಗೆ 200 ಮಿ.ಲೀ. ತಳ ಮತ್ತು ಗೋಡೆ ಸೇರುವ ಮೂಲೆಗಳನ್ನು ಬಾಟಲಿಯ ಬೆನ್ನಿನಿಂದ ತೀಡಿ ಗುಂಡಗೆ ಮಾಡಿಸಿ. ನೇರ ಮೂಲೆಯಲ್ಲಿ ಸಾರಣೆ ತೆಳುವಾಗುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ನೀರಿನ ಮಟ್ಟಕ್ಕೆ, ಅಂದರೆ ಎರಡಡಿಗೆ, ಒಂದೂಕಾಲು ಇಂಚಿನ ಓವರ್‌ಫ್ಲೋ ಪೈಪು.

ಹದಿನಾಲ್ಕು ದಿನ ಕ್ಯೂರಿಂಗ್. ಸಿಮೆಂಟ್ ಗಟ್ಟಿಯಾಗುವುದು ನೀರಿನೊಡನೆ ಕೂಡಿ ಹೊಸ ಹರಳುಗಳಾಗುವುದರಿಂದ; ನೀರು ಆರಿಹೋದರೆ ಆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಗೋಡೆಗೆ ಹಸಿ ಗೋಣಿಚೀಲ ಹೊದಿಸಿ, ದಿನಕ್ಕೆ ಮೂರು ಸಲ ನೆನೆಸಬೇಕು. ಮಾರ್ಚ್ ನಂತರ ಕಟ್ಟಿದರೆ ನಾಲ್ಕು ಸಲ.

ಸುಣ್ಣ ಬಿಡಿಸುವುದು

ಸಿಮೆಂಟ್ ಗಟ್ಟಿಯಾಗುವಾಗ ಸುಣ್ಣವೂ ಹುಟ್ಟುತ್ತದೆ. ಹೊಸ ತೊಟ್ಟಿಗೆ ನೀರು ತುಂಬಿಸಿ ಮಾರನೇ ದಿನ ಪಿಎಚ್ ಪಟ್ಟಿ (ನೀರು ಆಮ್ಲವೋ ಕ್ಷಾರವೋ ತೋರಿಸುವ ಕಾಗದ; 7 ಅಂದರೆ ಎರಡೂ ಅಲ್ಲ, ಮೇಲೇರಿದಷ್ಟೂ ಕ್ಷಾರ) ಅದ್ದಿದರೆ 11 ದಾಟಿರುತ್ತದೆ. ಮೀನಿನ ಕಿವಿರಿನ ತೆಳುಪೊರೆ ಅದರಲ್ಲಿ ಸುಟ್ಟುಹೋಗುತ್ತದೆ.

ಇಲ್ಲಿ ನಮ್ಮ ಕಡೆಯ ಹಳೆಯ ಪದ್ಧತಿಯೇ ಚೆನ್ನಾಗಿ ಕೆಲಸ ಮಾಡುತ್ತದೆ: ಬಾಳೆದಿಂಡು. ಗೊನೆ ಕಡಿದ ಮೇಲೆ ಉಳಿದ ದಿಂಡನ್ನು ಅಂಗೈಯಗಲ ತುಂಡು ಮಾಡಿ, 15–20 ಕೆ.ಜಿ. ತೊಟ್ಟಿಗೆ ಹಾಕಿ, ನೀರು ತುಂಬಿ, ವಾರ ಬಿಡಬೇಕು. ನೀರು ಕಂದಾಗುತ್ತದೆ, ಮೂರನೇ ದಿನದಿಂದ ಹುಳಿ ವಾಸನೆ ಏಳುತ್ತದೆ. ದಿಂಡು ಕೊಳೆಯುವಾಗ ಸಾವಯವ ಆಮ್ಲಗಳೂ ಇಂಗಾಲದ ಡೈಆಕ್ಸೈಡೂ ಬಿಡುಗಡೆಯಾಗುತ್ತವೆ. ಆಮ್ಲ ಸುಣ್ಣವನ್ನು ತಟಸ್ಥಗೊಳಿಸುತ್ತದೆ. ಡೈಆಕ್ಸೈಡ್ ಸುಣ್ಣದೊಡನೆ ಸೇರಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಸಾರಣೆಯ ಸೂಕ್ಷ್ಮ ರಂಧ್ರಗಳನ್ನೇ ಮುಚ್ಚುತ್ತದೆ. ಗೋಡೆಯ ಮೇಲೆ ಬೆರಳಿಗೆ ಅಂಟುವ ತೆಳು ಬಿಳಿ ಪೊರೆ ಕಂಡರೆ ಅದು ಇದೇ, ಉಜ್ಜಿ ತೆಗೆಯಬೇಡಿ.

ವಾರದ ನಂತರ ಖಾಲಿ ಮಾಡಿ, ಬರೀ ನೀರು ತುಂಬಿಸಿ ಮೂರು ದಿನ ಬಿಟ್ಟು ಮತ್ತೆ ಅಳೆಯಿರಿ. 8.5ರೊಳಗೆ ನಿಲ್ಲುವವರೆಗೂ ನೀರು ಬದಲಿಸುತ್ತಿರಬೇಕು, ಮೂರ್ನಾಲ್ಕು ಸಲ ಸಾಮಾನ್ಯ. ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದು ಒಂದೇ ದಿನದಲ್ಲಿ ಮುಗಿಸುವ ಆಸೆ ಬೇಡ. ಅದು ಸುಣ್ಣದ ಜೊತೆ ಸಾರಣೆಯನ್ನೂ ತಿಂದು, ಒಳಗಿನ ಹೊಸ ಸುಣ್ಣವನ್ನು ಮೇಲಕ್ಕೆ ತರುತ್ತದೆ. ಮೊದಲೆರಡು ಸಲದ ನೀರನ್ನು ಕುಂಡದ ಗಿಡಗಳಿಗೂ ಹಾಕಬೇಡಿ.

ಯಾವ ನೀರು?

ಬೋರ್ ನೀರಿನ ಪರೀಕ್ಷೆಯಲ್ಲಿ ಸಿಕ್ಕಿದ್ದು: ಟಿಡಿಎಸ್ (ಕರಗಿದ ಒಟ್ಟು ಲವಣ) ಲೀಟರಿಗೆ 900 ಮಿ.ಗ್ರಾಂ, ಗಡಸುತನ (ಕ್ಯಾಲ್ಸಿಯಂ, ಮೆಗ್ನೀಸಿಯಂನ ಅಳತೆ) 480, ಕ್ಷಾರೀಯತೆ (ಆಮ್ಲವನ್ನು ಹೀರಿಕೊಳ್ಳುವ ಶಕ್ತಿ) 320, ಪೈಪಿನಿಂದ ಬಂದಾಗಿನ ಪಿಎಚ್ 7.1. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ 200 ಇರಬೇಕು, ಬೇರೆ ನೀರಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡಿನ ತೊಂದರೆ ಹಳೆಯದು; ಅದಕ್ಕೆ ಮಾನಕದ ಮಿತಿ 1, ಅನಿವಾರ್ಯವಾದರೆ 1.5 ಮಿ.ಗ್ರಾಂ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ತೊಟ್ಟಿಯ ನೀರಿಗೂ ಅದೇ ನಿಯಮ.

ನೀರು ಇಷ್ಟೊಂದನ್ನು ಹೊತ್ತು ಬರುವುದಕ್ಕೆ ಕಾರಣ ಅದರ ಅಣುವಿನ ಆಕಾರ. ಆಮ್ಲಜನಕಕ್ಕೆ ಎರಡು ಹೈಡ್ರೋಜನ್‌ಗಳು 104.5 ಡಿಗ್ರಿ ಕೋನದಲ್ಲಿ ಅಂಟಿವೆ, ನೇರ ಗೆರೆಯಲ್ಲಿಲ್ಲ. ಹಾಗಾಗಿ ಅಣುವಿನ ಆಮ್ಲಜನಕದ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಕಲ್ಲಿನ ಸಂದುಗಳಲ್ಲಿ ಇಳಿಯುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂನ ವಿದ್ಯುದಂಶವುಳ್ಳ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದು ಬಿಡಿಸಿಕೊಳ್ಳುತ್ತವೆ. ಜೀವಕೋಶಕ್ಕೆ ಬೇಕಾದ ಲವಣಗಳು ಕರಗಿ ಓಡಾಡುವುದೂ, ಬೋರ್ ಪೈಪಿನಲ್ಲಿ ಗಸಿ ಕಟ್ಟುವುದೂ ಇದೇ ಗುಣದಿಂದ. ಆಮ್ಲಜನಕ ಅನಿಲಕ್ಕೆ ಇಂಥ ಧನ-ಋಣ ತುದಿಗಳಿಲ್ಲ. ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವ ನೀರಿನ ಅಣುಗಳ ನಡುವೆ ಅದಕ್ಕೆ ಜಾಗ ಸಿಗುವುದು ಕಷ್ಟ. ಆದ್ದರಿಂದಲೇ ಒಂದು ಲೀಟರ್ ನೀರಿನಲ್ಲಿ 900 ಮಿ.ಗ್ರಾಂ ಲವಣ ಸಲೀಸಾಗಿ ಇದ್ದರೆ, ಆಮ್ಲಜನಕ ಏಳು ಮಿ.ಗ್ರಾಂ ಇದ್ದರೇ ಹೆಚ್ಚು.

ಆಳದ ನೀರಿಗೆ ಎಷ್ಟೋ ಕಾಲ ಗಾಳಿಯ ಸಂಪರ್ಕವಿರುವುದಿಲ್ಲ. ಅದರಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಬೋರ್‌ನಿಂದ ನೇರ ತುಂಬಿದ ತೊಟ್ಟಿಯಲ್ಲಿ ಮೀನು ಅರ್ಧ ಗಂಟೆಯಲ್ಲೇ ಬಾಯಿ ಮೇಲೆತ್ತುವುದು ಇದಕ್ಕೆ. ಒಂದು ಸುಲಭ ಪರೀಕ್ಷೆ: ಆಗಷ್ಟೇ ಬಂದ ನೀರಿನ ಪಿಎಚ್ ನೋಡಿ, ಅದೇ ನೀರನ್ನು ಅರ್ಧ ತುಂಬಿದ ಬಾಟಲಿಯಲ್ಲಿ ಐದು ನಿಮಿಷ ಕುಲುಕಿ ಮತ್ತೆ ನೋಡಿ. ಏರಿರುತ್ತದೆ, ಏಕೆಂದರೆ ಆಮ್ಲವಾಗಿದ್ದ ಡೈಆಕ್ಸೈಡ್ ಹಾರಿಹೋಯಿತು. ತೊಟ್ಟಿಯಲ್ಲಿ ಒಂದು ದಿನ ಪಂಪು ಓಡಿದ ಮೇಲೆ 7.1 ಇದ್ದದ್ದು 8.2ಕ್ಕೆ ಬಂದು ನಿಂತಿತು. ಜೊತೆಗೆ ನೀರು ಹಾಲಿನಂತೆ ಮಸುಕಾಯಿತು. ಡೈಆಕ್ಸೈಡ್ ಹೋದ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಿ ಉಳಿಯಲಾರದು, ಪುಡಿಯಾಗಿ ಹೊರಬೀಳುತ್ತದೆ. ಎರಡು ದಿನದಲ್ಲಿ ತಾನಾಗಿ ತಳ ಸೇರುತ್ತದೆ, ಔಷಧ ಬೇಡ.

ಗಪ್ಪಿ ಗಡಸು ನೀರಿನ ಮೀನು, ಪಿಎಚ್ 7ರಿಂದ 8.5 ಅದಕ್ಕೆ ಒಗ್ಗುತ್ತದೆ. ಸೊಳ್ಳೆ ಮರಿ ತಿನ್ನಿಸಲು ಆರೋಗ್ಯ ಇಲಾಖೆಯವರು ಬಿಡುವುದೂ ಗಪ್ಪಿ ಮತ್ತು ಗ್ಯಾಂಬೂಸಿಯಾ. ಆದರೂ ಬೇಸಿಗೆಯಲ್ಲಿ ಲವಣ ಏರುವುದು ಖಂಡಿತ ಎಂದು, ಮೂರನೇ ಒಂದು ಪಾಲು ಮಳೆನೀರು ಬೆರೆಸುವುದು ಒಳ್ಳೆಯದು: 900 ಲೀಟರ್ ಬೋರ್, 450 ಲೀಟರ್ ಮಳೆ. ಗಡಸುತನ 320ಕ್ಕೆ, ಕ್ಷಾರೀಯತೆ 210ರ ಆಸುಪಾಸಿಗೆ ಇಳಿಯುತ್ತದೆ. 600 ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ, ನೂರಕ್ಕೆ ಎಂಬತ್ತು ಹಿಡಿದರೂ 450 ಲೀಟರ್ ಸಿಗುತ್ತದೆ. ಮೊದಲ ಹತ್ತು ನಿಮಿಷದ ನೀರು ಧೂಳಿನದ್ದು, ಬಿಟ್ಟುಬಿಡಿ.

ಬರೀ ಮಳೆನೀರಿನ ತೊಟ್ಟಿ ಆಗದು. ಮಳೆನೀರಿಗೆ ಕ್ಷಾರೀಯತೆ ಇಲ್ಲವೆನ್ನುವಷ್ಟು ಕಡಿಮೆ. ಆಮ್ಲ ಹುಟ್ಟಿದಾಗ ಹೀರಿಕೊಳ್ಳಲು ಬೈಕಾರ್ಬೊನೇಟ್ ಇರದೆ ಪಿಎಚ್ ಒಮ್ಮೆಲೇ ಕುಸಿಯುತ್ತದೆ. ಚಿತ್ರದುರ್ಗ ಕೋಟೆಯ ಅಕ್ಕ-ತಂಗಿ ಹೊಂಡದಂಥ ಕಡೆ ಬಂಡೆಯ ಮೇಲೆ ಹರಿದ ಮಳೆಯೇ ನಿಲ್ಲುತ್ತದೆ. ಗ್ರಾನೈಟ್ ಬೇಗ ಕರಗುವ ಕಲ್ಲಲ್ಲ, ಆ ನೀರು ಬೋರ್ ನೀರಿಗಿಂತ ಮೆದು. ಆದರೆ ಅಲ್ಲಿ ಮೀನಿಗೆ ಸಿಗುವ ಜಾಗಕ್ಕೂ ಈ ತೊಟ್ಟಿಯ ದಟ್ಟಣೆಗೂ ಹೋಲಿಕೆ ಸಲ್ಲದು.

ನಗರದ ನಲ್ಲಿ ನೀರೇ ಹಾಕುವುದಾದರೆ ಕ್ಲೋರಿನ್ ತೆಗೆಯಬೇಕು. ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಇದ್ದರೆ ಇಡೀ ತೊಟ್ಟಿಗೆ 5 ಗ್ರಾಂ ಹೈಪೋ ಹರಳು ಸಾಕು, ಅಂದರೆ ಸೋಡಿಯಂ ಥಯೋಸಲ್ಫೇಟ್. ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ.

ಬ್ಯಾಕ್ಟೀರಿಯಾ ಕೂರಿಸುವುದು

ನೀರು ಸ್ವಚ್ಛವಾಗಿ ಕಂಡರೂ ಈಗಲೇ ಮೀನು ಬಿಡುವಂತಿಲ್ಲ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಅದನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಎರಡು ಬಗೆಯ ಬ್ಯಾಕ್ಟೀರಿಯಾಗಳು ಮೊದಲೇ ನೆಲೆಯೂರಿರಬೇಕು.

ಅವುಗಳ ಮನೆಗೆ 60 ಲೀಟರಿನ ಪ್ಲಾಸ್ಟಿಕ್ ಡ್ರಮ್. ತಳದಲ್ಲಿ ನೀರು ಹೊರಹೋಗುವ ಪೈಪು, ಒಳಗೆ 40 ಲೀಟರಿನಷ್ಟು ಇಟ್ಟಿಗೆ ಚೂರು, ಒಂದೊಂದು ಇಂಚಿನವು. ಚೆನ್ನಾಗಿ ಬೆಂದ ಇಟ್ಟಿಗೆಯನ್ನೇ ಒಡೆಯಿರಿ. ಅರೆಬೆಂದದ್ದು ತಿಂಗಳಲ್ಲಿ ಕೆಸರಾಗುತ್ತದೆ. ಕೆಂಪು ಬಿಡುವುದು ನಿಲ್ಲುವವರೆಗೂ ತೊಳೆಯಬೇಕು. ಪಂಪು 20 ವ್ಯಾಟ್, ಗಂಟೆಗೆ 1,000 ಲೀಟರಿನದ್ದು. ಮೂರಡಿ ಎತ್ತಿದಾಗ ಸಿಗುವುದು 600–700 ಲೀಟರ್, ಅಂದರೆ ಎರಡು ಗಂಟೆಗೊಮ್ಮೆ ಇಡೀ ನೀರು ಸುತ್ತುತ್ತದೆ. ಕರೆಂಟು ದಿನಕ್ಕೆ ಅರ್ಧ ಯೂನಿಟ್. ಪಂಪು ತಳದಿಂದ ನೀರೆಳೆದು ಡ್ರಮ್ಮಿಗೆ ಕೊಡಲಿ. ಡ್ರಮ್ಮಿನಿಂದ ನೀರು ಒಂದು ಗೇಣು ಎತ್ತರದಿಂದ ತೊಟ್ಟಿಗೆ ಧುಮುಕಲಿ.

ಬ್ಯಾಕ್ಟೀರಿಯಾಗೆ ಮೊದಲ ಆಹಾರವಾಗಿ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರ ಬಳಿ ಸಿಗುವುದರಲ್ಲಿ ಕಲಬೆರಕೆ ಇರಬಹುದು, ಲ್ಯಾಬ್ ಸಾಮಗ್ರಿ ಅಂಗಡಿಯ ಪೊಟ್ಟಣ ತನ್ನಿ. ಹತ್ತು ಗ್ರಾಂ ಕರಗಿಸಿ ಸುರಿದರೆ ಲೀಟರಿಗೆ ಸುಮಾರು 2 ಮಿ.ಗ್ರಾಂ ಅಮೋನಿಯಾ ಸಾರಜನಕ. ಹಿತ್ತಿಲಿನ ಹಳೆಯ ತೊಟ್ಟಿಯಿಂದ ಹಿಡಿ ಪಾಚಿಗಟ್ಟಿದ ಕಲ್ಲು ತಂದು ಡ್ರಮ್ಮಿಗೆ ಹಾಕಿದರೆ ಬಿತ್ತನೆಯೂ ಆಯಿತು. ಆಮೇಲೆ ದಿನ ಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ಹನಿ ಪರೀಕ್ಷೆ. ಮೊದಲ ವಾರ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆಮೇಲೆ ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಕೊನೆಗೆ ಅದೂ ಇಳಿಯುತ್ತದೆ. 28–30 ಡಿಗ್ರಿ ನೀರಿನಲ್ಲಿ ಮೂರರಿಂದ ಐದು ವಾರ. ಹತ್ತು ಗ್ರಾಂ ನವಸಾಗರ ಹಾಕಿದರೆ ಒಂದೇ ದಿನದಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯುವಂತಾದಾಗ ತೊಟ್ಟಿ ಸಿದ್ಧ.

ಈ ಹಂತದಲ್ಲಿ ಪಂಪು ನಿಲ್ಲಿಸಬಾರದು. ಒಂದು ಮಿ.ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಮಿ.ಗ್ರಾಂ ಆಮ್ಲಜನಕ ಬೇಕು, ಜೊತೆಗೆ 7.14 ಮಿ.ಗ್ರಾಂ ಕ್ಷಾರೀಯತೆ ಖರ್ಚಾಗುತ್ತದೆ. ಎರಡು ಮಿ.ಗ್ರಾಂಗೆ 9 ಮಿ.ಗ್ರಾಂ ಆಮ್ಲಜನಕ, ನೀರಿನಲ್ಲಿ ಒಮ್ಮೆಗೆ ಇರಬಹುದಾದದ್ದಕ್ಕಿಂತ ಹೆಚ್ಚು. ಮೇಲ್ಮೈ ಒಡೆಯುತ್ತಾ ಗಾಳಿ ಬೆರೆಯುತ್ತಲೇ ಇದ್ದರೆ ಮಾತ್ರ ಸಾಲ ತೀರುತ್ತದೆ.

ಇಲ್ಲಿ ಗಡಸು ಬೋರ್ ನೀರಿನ ಒಂದು ಅಪಾಯವನ್ನೂ ಹೇಳಬೇಕು. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ: ವಿದ್ಯುದಂಶವಿರುವ ಅಮೋನಿಯಂ, ಅದಿಲ್ಲದ ಬಿಡಿ ಅಮೋನಿಯಾ. ಕಿವಿರಿನ ಪೊರೆ ದಾಟಿ ಒಳಹೋಗಿ ಮೀನನ್ನು ಕೊಲ್ಲುವುದು ಎರಡನೆಯದು. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಒಂದು ಪಾಲೂ ಬಿಡಿ ರೂಪದಲ್ಲಿರುವುದಿಲ್ಲ. 8.2ರಲ್ಲಿ ನೂರಕ್ಕೆ ಹನ್ನೊಂದು. 9ರಲ್ಲಿ ನಲವತ್ತೈದು. ಹನಿ ಪರೀಕ್ಷೆ ಎರಡನ್ನೂ ಸೇರಿಸಿ ತೋರಿಸುವುದರಿಂದ, ಒಂದೇ ಅಂಕಿ ಒಂದು ತೊಟ್ಟಿಯಲ್ಲಿ ನಿರುಪದ್ರವಿ, ಇನ್ನೊಂದರಲ್ಲಿ ವಿಷ. ಪಿಎಚ್ ನೋಡದೆ ಅಮೋನಿಯಾ ಅಂಕಿ ಓದಬೇಡಿ. ಬಿಡಿ ಅಮೋನಿಯಾ 0.05 ಮಿ.ಗ್ರಾಂ ದಾಟಿದರೆ ಕಿವಿರಿಗೆ ಪೆಟ್ಟು ಬೀಳಲು ಶುರು.

ಮೊದಲಿಗೆ 20 ಗಪ್ಪಿ ಸಾಕು, ಅವು ತಾವಾಗಿ ಹೆಚ್ಚುತ್ತವೆ. ತಂದ ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಒಂದು ಲೋಟ ತೊಟ್ಟಿ ನೀರು ಚೀಲಕ್ಕೆ ಸೇರಿಸುತ್ತಾ ಹೋಗಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ನೈಟ್ರೈಟ್ ಇನ್ನೂ ಸ್ವಲ್ಪ ಕಾಣಿಸುತ್ತಿದ್ದರೆ 140 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ; ಕಿವಿರಿನಲ್ಲಿ ನೈಟ್ರೈಟ್ ಹೊಗುವ ದಾರಿಯನ್ನು ಕ್ಲೋರೈಡ್ ಅಡ್ಡಗಟ್ಟುತ್ತದೆ.

ಏಪ್ರಿಲ್ ತಿಂಗಳ ಲೆಕ್ಕ

ಬೇಸಿಗೆಯಲ್ಲಿ ತೊಟ್ಟಿಯನ್ನು ಉಳಿಸುವುದು ನೀರಿನ ಎರಡು ಗುಣಗಳು. ಇವನ್ನು ಅಂಕಿಯಲ್ಲಿ ನೋಡಿದರೆ ಎಲ್ಲಿ ನೆರಳು ಬೇಕು, ಎಲ್ಲಿ ಬೇಡ ಎಂದು ತಾನಾಗಿ ಗೊತ್ತಾಗುತ್ತದೆ.

ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಬೇಕು. ಅಷ್ಟೇ ತೂಕದ ಕಬ್ಬಿಣಕ್ಕೆ ಅದರ ಒಂಬತ್ತನೇ ಒಂದು ಪಾಲು ಸಾಕು. ಅಣುಗಳ ನಡುವಿನ ಹೈಡ್ರೋಜನ್ ಬಂಧಗಳನ್ನು ಸಡಿಲಿಸಲು ಶಾಖದ ದೊಡ್ಡ ಪಾಲು ಹೋಗುವುದರಿಂದ ಹೀಗೆ. ಇಡೀ ತೊಟ್ಟಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 1.6 ಯೂನಿಟ್ ಶಕ್ತಿ. ಏಪ್ರಿಲ್ ಬಿಸಿಲು ಚದರ ಮೀಟರಿಗೆ ದಿನಕ್ಕೆ ಸುಮಾರು 6 ಯೂನಿಟ್ ಸುರಿಯುತ್ತದೆ. ತೊಟ್ಟಿಯ ಬಾಯಿ 2.2 ಚದರ ಮೀಟರ್, ಒಟ್ಟು 13 ಯೂನಿಟ್. ಎಲ್ಲವೂ ನೀರಲ್ಲೇ ಉಳಿದಿದ್ದರೆ ದಿನಕ್ಕೆ 8 ಡಿಗ್ರಿ ಏರಬೇಕಿತ್ತು.

ಹಾಗಾಗದಿರಲು ಕಾರಣ ಆವಿ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,430 ಕಿಲೋಜೂಲ್ ಶಾಖ ಒಯ್ಯುತ್ತದೆ. ದಿನಕ್ಕೆ 7 ಮಿ.ಮೀ. ಇಳಿದರೆ 15 ಲೀಟರ್, ಅಂದರೆ 10 ಯೂನಿಟ್. ಇಡೀ ತೊಟ್ಟಿಯನ್ನು ಆರು ಡಿಗ್ರಿ ತಣಿಸುವಷ್ಟು. ಆದ್ದರಿಂದ ತೊಟ್ಟಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದು ತಪ್ಪು; ಆವಿ ನಿಲ್ಲುತ್ತದೆ, ನೀರು ಬೇಯುತ್ತದೆ. ಗಾಳಿಯಾಡುವ 50 ಶೇಕಡಾ ಹಸಿರು ನೆರಳು ಬಲೆಯನ್ನು ಎರಡಡಿ ಮೇಲೆ ಕಟ್ಟಬೇಕು.

ಆವಿಯಾದ ನೀರು ಲವಣ ಬಿಟ್ಟುಹೋಗುತ್ತದೆ. ತಿಂಗಳಿಗೆ 450 ಲೀಟರ್ ಆವಿಯಾಗಿ, ಅಷ್ಟನ್ನೂ ಬೋರ್ ನೀರಿನಿಂದಲೇ ತುಂಬಿಸಿದರೆ 400 ಗ್ರಾಂ ಲವಣ ತೊಟ್ಟಿಗೆ ಸೇರಿತು, ಟಿಡಿಎಸ್ 300ರಷ್ಟು ಏರಿತು. ಒಂದಷ್ಟು ಸುಣ್ಣವಾಗಿ ಗೋಡೆಯ ಮೇಲೆ ಬಿಳಿ ಗೆರೆ ಕಟ್ಟುತ್ತದೆ, ಉಳಿದದ್ದು ನೀರಲ್ಲೇ. ಜೂನ್ ಹೊತ್ತಿಗೆ ಮೀನು ಮಂಕಾಗುವುದು, ನೈದಿಲೆಯ ಎಲೆಯಂಚು ಸುಡುವುದು ಇದರಿಂದ. ಮೇಲುತುಂಬಿಸಲು ಡ್ರಮ್ಮಿನಲ್ಲಿ ಕೂಡಿಟ್ಟ ಮಳೆನೀರು ಬಳಸಿ. ಅದಿಲ್ಲದಿದ್ದರೆ ವಾರಕ್ಕೆ ನೂರು ಲೀಟರ್ ತಳದಿಂದ ಬಿಟ್ಟು ಬೋರ್ ನೀರು ಕೊಡಿ. ತಳದ ನೀರು ತೆಂಗಿಗೆ ಒಳ್ಳೆಯ ಗೊಬ್ಬರ.

ಬಿಸಿ ನೀರು ಆಮ್ಲಜನಕವನ್ನೂ ಕಡಿಮೆ ಹಿಡಿಯುತ್ತದೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಗೆ 9.1 ಮಿ.ಗ್ರಾಂ, 30ಕ್ಕೆ 7.6, 35ಕ್ಕೆ 7ರ ಹತ್ತಿರ. ಚಿತ್ರದುರ್ಗ 730 ಮೀಟರ್ ಆಸುಪಾಸಿನ ಎತ್ತರದಲ್ಲಿರುವುದರಿಂದ ಇದರಲ್ಲೂ ನೂರಕ್ಕೆ ಎಂಟು ಖೋತಾ. ಜೊತೆಗೆ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಎಂದು ಪದರ ಕಟ್ಟುತ್ತದೆ. 30ರಿಂದ 31 ಡಿಗ್ರಿಗೆ ಆಗುವ ಸಾಂದ್ರತೆಯ ವ್ಯತ್ಯಾಸ, 10ರಿಂದ 11ಕ್ಕೆ ಆಗುವುದರ ಮೂರು ಪಟ್ಟು. ನಮ್ಮ ಬಿಸಿಲಿನಲ್ಲಿ ಸ್ವಲ್ಪ ತಾಪದ ಅಂತರವಿದ್ದರೂ ಪದರ ಗಟ್ಟಿಯಾಗಿ ನಿಲ್ಲುತ್ತದೆ, ತಳಕ್ಕೆ ಗಾಳಿ ತಲುಪುವುದಿಲ್ಲ. ಶೀತದೇಶದ ಕೆರೆಗಳಲ್ಲಿ ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿ ಕೆಳಗಿಳಿಯುವುದರಿಂದ ಹಿಮ ಮೇಲೆ ಮಾತ್ರ ಕಟ್ಟಿ ಮೀನು ಉಳಿಯುತ್ತದೆ. ಇಲ್ಲಿ ಪದರವೇ ತೊಂದರೆ. ಪಂಪನ್ನು ತಳದಲ್ಲಿಡಿ ಎಂದದ್ದು ಇದಕ್ಕೇ.

ಕೆಟ್ಟಾಗ

ನೀರು ಬೇಗ ಇಳಿಯುತ್ತಿದ್ದರೆ ಸೋರಿಕೆಯೋ ಆವಿಯೋ ಎಂದು ಬಕೆಟ್ಟಿನಿಂದ ತಿಳಿಯುತ್ತದೆ. ಬಕೆಟ್ಟಿಗೆ ತೊಟ್ಟಿಯ ಮಟ್ಟದಷ್ಟೇ ನೀರು ತುಂಬಿ, ತೊಟ್ಟಿಯೊಳಗೇ ಕಲ್ಲಿನ ಮೇಲೆ ಕೂರಿಸಿ, ಎರಡೂ ಮಟ್ಟಕ್ಕೆ ಗುರುತು ಹಾಕಿ. ಪಂಪು ನಿಲ್ಲಿಸದೆ ಮೂರು ದಿನ ನೋಡಿ. ಎರಡೂ ಸಮನಾಗಿ ಇಳಿದರೆ ಆವಿ. ತೊಟ್ಟಿ ಹೆಚ್ಚು ಇಳಿದರೆ ಮೊದಲು ಡ್ರಮ್ಮಿನ ಪೈಪು, ಆಮೇಲೆ ತಳದ ಪೈಪಿನ ಸುತ್ತ. ಸೋರುವ ಜಾಗವನ್ನು ಉಳಿಯಿಂದ ಒಂದು ಇಂಚು ಆಳ ಕೊರೆದು, ನೀರಲ್ಲೇ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ತುಂಬಬೇಕು. ಮೇಲಿಂದ ಸಿಮೆಂಟ್ ಹಾಲು ಬಳಿದರೆ ತಿಂಗಳೂ ನಿಲ್ಲುವುದಿಲ್ಲ.

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಡಿದು, ಬಿಸಿಲೇರಿದ ಮೇಲೆ ಸರಿಹೋದರೆ ಅದು ಆಮ್ಲಜನಕದ ಕೊರತೆ. ನೀರು ಹಸಿರಾಗಿದ್ದರೆ ಖಚಿತ. ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿ ತಾನೇ ಉಸಿರಾಡಿ ಖಾಲಿ ಮಾಡುತ್ತದೆ. ಹಗಲಲ್ಲಿ ಅದು ಡೈಆಕ್ಸೈಡ್ ಹೀರುವುದರಿಂದ ಮಧ್ಯಾಹ್ನ ಮೂರಕ್ಕೆ ಪಿಎಚ್ 9 ಮುಟ್ಟುತ್ತದೆ, ಆಗ ಅಮೋನಿಯಾದ ಅರ್ಧ ಪಾಲು ವಿಷವಾಗುತ್ತದೆ. ಬೆಳಿಗ್ಗೆ ಒಂದು ಸಲ, ಮೂರು ಗಂಟೆಗೆ ಒಂದು ಸಲ ಪಿಎಚ್ ಅಳೆದರೆ ಇಡೀ ಕತೆ ಕಾಣುತ್ತದೆ. ಮೈಲುತುತ್ತ ಹಾಕಬೇಡಿ. ತಾಮ್ರ ಮೀನಿಗೂ ವಿಷ, ಒಮ್ಮೆಲೇ ಸತ್ತ ಪಾಚಿ ಕೊಳೆತು ಉಳಿದ ಆಮ್ಲಜನಕವನ್ನೂ ಮುಗಿಸುತ್ತದೆ. ನೀರಿನ ಅರ್ಧ ಮೈಯನ್ನು ನೈದಿಲೆ, ಅಂತರಗಂಗೆಯಿಂದ ಮುಚ್ಚಿಸಿ, ಆಹಾರವನ್ನು ಅರ್ಧಕ್ಕೆ ಇಳಿಸಿದರೆ ಎರಡು ಮೂರು ವಾರದಲ್ಲಿ ತಿಳಿಯಾಗುತ್ತದೆ. ಹೆಚ್ಚಾದ ಅಂತರಗಂಗೆಯನ್ನು ಬಿಸಿಲಿಗೆ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಚರಂಡಿಗೆ ಎಸೆದರೆ ಕೆರೆ ಸೇರಿ ಇಡೀ ಕೆರೆಯನ್ನೇ ಮುಚ್ಚುತ್ತದೆ. ಕರೆಂಟು ಕೈಕೊಡುವ ರಾತ್ರಿಗಳಿಗೆ ಬ್ಯಾಟರಿಯ ಏರ್ ಪಂಪ್ ಒಂದಿರಲಿ.

ಪಂಪಿನ ಸದ್ದು ಬದಲಾಗಿ ನೀರು ಸಣ್ಣಗಾದರೆ ಒಳಗಿನ ಚಕ್ರಕ್ಕೆ ಸುಣ್ಣ ಹಿಡಿದಿದೆ. ಬಿಚ್ಚಿ, ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಒಂದು ಗಂಟೆ ಮುಳುಗಿಸಿಡಿ. ಗುಳ್ಳೆ ಬರುವುದು ನಿಂತಾಗ ಸುಣ್ಣ ಮುಗಿಯಿತು. ಎರಡು ತಿಂಗಳಿಗೊಮ್ಮೆ ಮಾಡಿದರೆ ಪಂಪು ವರ್ಷಗಟ್ಟಲೆ ಬಾಳುತ್ತದೆ. ಇಟ್ಟಿಗೆ ಚೂರನ್ನು ಮಾತ್ರ ನಲ್ಲಿ ನೀರಿನಲ್ಲಿ ತೊಳೆಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು ಜಾಲಿಸಿ.

ಸೋಪಿನ ಕೈ ಅದ್ದಬಾರದು. ನೀರಿನ ಮೇಲ್ಮೈ ಸೆಳೆತದ ಆಧಾರದಲ್ಲಿ ಸೊಳ್ಳೆ ಮರಿ ಮೇಲ್ಪೊರೆಗೆ ನೇತುಬಿದ್ದು ಉಸಿರಾಡುತ್ತದೆ, ಸೋಪು ಆ ಸೆಳೆತವನ್ನು ಮುರಿಯುವುದು ನಿಜ. ಆದರೆ ಅದೇ ಸೋಪು ಕಿವಿರಿನ ಲೋಳೆಯನ್ನೂ ತೊಳೆದುಹಾಕುತ್ತದೆ. ಮರಿ ತಿನ್ನಲು ಗಪ್ಪಿ ಇದೆ.

ಮಳೆಗಾಲ ಬಂದ ಮೇಲೆ ತೊಂದರೆ ತಿರುಗುಮುರುಗಾಗುತ್ತದೆ. ಜೋರು ಮಳೆಗೆ ಓವರ್‌ಫ್ಲೋ ಹರಿದಷ್ಟೂ ಬೈಕಾರ್ಬೊನೇಟ್ ತೊಳೆದುಹೋಗುತ್ತದೆ, ಬ್ಯಾಕ್ಟೀರಿಯಾ ತನ್ನ ಪಾಲಿನದ್ದನ್ನು ದಿನವೂ ಖರ್ಚು ಮಾಡುತ್ತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಕ್ಷಾರೀಯತೆ ಅಳೆಯಿರಿ. 80ಕ್ಕಿಂತ ಕೆಳಗಿಳಿದರೆ 45 ಗ್ರಾಂ ಅಡುಗೆ ಸೋಡ ಕರಗಿಸಿ ಹಾಕಿ, 20ರಷ್ಟು ಏರುತ್ತದೆ. ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಇಲ್ಲವೇ ಇನ್ನೂರು ಲೀಟರ್ ಬೋರ್ ನೀರು ಬಿಟ್ಟರೂ ಆಯಿತು, ಈ ಕೆಲಸಕ್ಕೆ ಅದಕ್ಕಿಂತ ಅಗ್ಗದ್ದು ಬೇರೆ ಸಿಗುವುದಿಲ್ಲ.